ನಕ್ಷೆ ತೋರಿಸಿದರೆ ಸಾಲದು, ತೂಕವನ್ನೂ ತೋರಿಸಿ: ಕಾಸರಗೋಡಿನ ಕಾಡಿಗೆ ಯೋಜನೆ ಬರೆಯುವವರಿಗೆ ಬಹಿರಂಗ ಪತ್ರ

ಗೆ,
ಕಾಸರಗೋಡು ಜಿಲ್ಲೆಯ ಕಾಡುಗಳ ಕಾರ್ಯಯೋಜನೆ ಸಿದ್ಧಪಡಿಸುವ ಅಧಿಕಾರಿಗಳಿಗೆ,
ಅವರಿಗೆ ನಕ್ಷೆ ಮತ್ತು ತಂತ್ರಾಂಶ ಒದಗಿಸುವ ತಜ್ಞರಿಗೆ

ಮಾನ್ಯರೇ,

ಕಾಡಂಚಿನ ಊರುಗಳಲ್ಲಿ ‘ಸಮಾಲೋಚನಾ ಸಭೆ’ ನಡೆಯುವ ಕ್ರಮ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಸಭಾಂಗಣದ ಗೋಡೆಯ ಮೇಲೆ ಪ್ರೊಜೆಕ್ಟರಿನ ಬೆಳಕು ಬೀಳುತ್ತದೆ. ಹಸಿರು, ಹಳದಿ, ಕೆಂಪು ಬಳಿದ ನಕ್ಷೆಯೊಂದು ಮೂಡುತ್ತದೆ. ಹಳದಿಯೆಂದರೆ ಏನೆಂಬುದು ಮೂಲೆಯಲ್ಲಿ ಇರುವೆ ಸಾಲಿನಂಥ ಇಂಗ್ಲಿಷಿನಲ್ಲಿರುತ್ತದೆ. ವಿವರಣೆ ಮಲಯಾಳದಲ್ಲಿ ಸಾಗುತ್ತದೆ. ಎದುರು ಕೂತವರಲ್ಲಿ ಅರ್ಧಕ್ಕರ್ಧ ಮಂದಿ ಮನೆಯಲ್ಲಿ ತುಳುವೋ ಹವ್ಯಕವೋ ಮರಾಟಿಯೋ ಆಡಿ, ಶಾಲೆಯಲ್ಲಿ ಕನ್ನಡ ಕಲಿತವರು. ಯಾರೋ ಒಬ್ಬರು ಧೈರ್ಯ ಮಾಡಿ “ನಮ್ಮ ಗುಡ್ಡೆ ಯಾಕೆ ಹಳದಿ?” ಎಂದು ಕೇಳಿದರೆ, “ಅದು ಕಂಪ್ಯೂಟರ್ ಲೆಕ್ಕ ಹಾಕಿ ಕೊಟ್ಟದ್ದು” ಎಂಬ ಉತ್ತರ ಬರುತ್ತದೆ. ಅಲ್ಲಿಗೆ ಮಾತು ಮುಗಿಯಿತು. ಚಾ ಬರುತ್ತದೆ, ಹಾಜರಿ ಪುಸ್ತಕ ಬರುತ್ತದೆ. ಆ ಪುಸ್ತಕದ ಸಹಿಗಳೇ ಮುಂದೆ ಯೋಜನೆಯ ಅನುಬಂಧದಲ್ಲಿ ‘ಜನರ ಸಹಭಾಗಿತ್ವ’ ಎಂದು ಅಚ್ಚಾಗುತ್ತವೆ.

ತಂತ್ರಾಂಶದ ಮೇಲೆ ನಮಗೇನೂ ಮುನಿಸಿಲ್ಲ. ಕಾಡಿನ ವಿಚಾರ ನೂರು ಎಳೆಗಳ ಗೋಜಲು. ಅದನ್ನು ಬಿಡಿಸಿ ನೋಡಲು ಒಂದು ಸಾಧನ ಬೇಕೇ ಬೇಕು. ತಕರಾರು ಇಷ್ಟೆ: ನೀರಿಗೆ ಎಷ್ಟು ಬೆಲೆ, ಮರದ ಹಣಕ್ಕೆ ಎಷ್ಟು ಬೆಲೆ ಎಂದು ಯಾರೋ ಒಬ್ಬರು ಅಂಕಿ ತುಂಬದೆ ಯಾವ ಕಂಪ್ಯೂಟರೂ ನಕ್ಷೆಗೆ ಬಣ್ಣ ಹಚ್ಚುವುದಿಲ್ಲ. ತೀರ್ಮಾನ ಆಗುವುದು ಆ ಅಂಕಿ ತುಂಬುವ ಹೊತ್ತಿಗೆ. ನಮ್ಮನ್ನು ಕರೆಯುವುದೋ, ಬಣ್ಣ ಒಣಗಿದ ಮೇಲೆ.

ಕಾರ್ಯಯೋಜನೆ, ಅಂದರೆ ಯಾವ ಕಾಡಿನಲ್ಲಿ ಏನು ಕಡಿಯಬೇಕು, ಏನು ನೆಡಬೇಕು, ಏನು ಕಾಪಾಡಬೇಕು ಎಂದು ಅರಣ್ಯ ಇಲಾಖೆ ಬರೆಯುವ ದಾಖಲೆ, ಸಣ್ಣ ಕಾಗದವಲ್ಲ. ಸಾಮಾನ್ಯವಾಗಿ ಹತ್ತು ವರ್ಷಕ್ಕೆ ಬರೆಯುತ್ತಾರೆ. ಗೋದಾವರ್ಮನ್ ಪ್ರಕರಣದಲ್ಲಿ 1996ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟು ಕೊಟ್ಟ ಆದೇಶದ ನಂತರ, ಮಂಜೂರಾದ ಕಾರ್ಯಯೋಜನೆಯ ಆಧಾರವಿಲ್ಲದೆ ಕಾಡಿನಲ್ಲಿ ಮರ ಕಡಿಯುವ ಹಾಗಿಲ್ಲ. ಯೋಜನೆ ಹೇಗಿರಬೇಕೆಂಬ ರಾಷ್ಟ್ರೀಯ ಸಂಹಿತೆ 2014ರಲ್ಲಿ ಬಂತು, 2023ರಲ್ಲಿ ಪರಿಷ್ಕಾರವಾಯಿತು. ಸ್ಥಳೀಯರ ಜೊತೆ ಸಮಾಲೋಚನೆ ಅದರಲ್ಲೇ ಇದೆ. ಹಾಗಾಗಿ ನಾವು ಕೇಳುತ್ತಿರುವುದು ಹೊಸ ಸವಲತ್ತಲ್ಲ. ಇರುವ ಮಾತನ್ನೇ ನೆಟ್ಟಗೆ ನಡೆಸಿ ಎಂಬ ಕೋರಿಕೆ.

ಅಂಕಿಯಲ್ಲೇ ತೋರಿಸುತ್ತೇವೆ. ಒಂದು ಗುಡ್ಡೆಯ ಮೇಲೆ ಹಳೆಯ ಅಕೇಶಿಯಾ ನೆಡುತೋಪು ಇದೆ ಎಂದು ಇಟ್ಟುಕೊಳ್ಳಿ. ಬುಡದಲ್ಲಿ ಬೈಲು, ಅಡಿಕೆ ತೋಟ, ನಾಲ್ಕು ಸುರಂಗ (ನೀರಿಗಾಗಿ ಗುಡ್ಡೆಯೊಳಕ್ಕೆ ಅಡ್ಡಲಾಗಿ ಕೊರೆದ ಬಾವಿ). ತೋಪು ಕಡಿದ ಮೇಲೆ ಏನು ಮಾಡುವುದು? ಮೊದಲ ದಾರಿ, ಮತ್ತೆ ಅಕೇಶಿಯಾ. ಎರಡನೆಯದು, ಧೂಪ, ಹೆಬ್ಬಲಸು, ನೇರಳೆ, ಪುನರ್ಪುಳಿ, ಕಾಸರಕದಂಥ ಊರ ಮರಗಳ ಮಿಶ್ರ ಕಾಡು. ನಾಲ್ಕು ವಿಷಯಕ್ಕೆ ಹತ್ತರಲ್ಲಿ ಅಂಕ ಕೊಡೋಣ. ಈ ಅಂಕಗಳು ಲೆಕ್ಕ ತೋರಿಸಲೆಂದೇ ನಾವು ಇಟ್ಟುಕೊಂಡವು. ಅಕೇಶಿಯಾಕ್ಕೆ ನೀರಿನಲ್ಲಿ 2, ಸೊಪ್ಪು-ಸೌದೆಯಲ್ಲಿ 5, ಆನೆ-ಹಂದಿ ಕಾಟ ತಗ್ಗಿಸುವುದರಲ್ಲಿ 4, ಮರದ ಆದಾಯದಲ್ಲಿ 9. ಮಿಶ್ರ ಕಾಡಿಗೆ ಅದೇ ಕ್ರಮದಲ್ಲಿ 7, 7, 5, 3.

ಈಗ ತೂಕ, ಅಂದರೆ ಯಾವ ವಿಷಯ ಎಷ್ಟು ಮುಖ್ಯ ಎಂಬ ಅಂಕಿ. ಒಂದೊಂದು ಅಂಕವನ್ನೂ ಅದರ ತೂಕದಿಂದ ಗುಣಿಸಿ, ಕೂಡಿಸಿ, ನೂರರಿಂದ ಭಾಗಿಸಬೇಕು. ಆದಾಯಕ್ಕೆ ನೂರರಲ್ಲಿ 50, ನೀರಿಗೆ 20, ಪ್ರಾಣಿ ಕಾಟಕ್ಕೆ 20, ಸೊಪ್ಪು-ಸೌದೆಗೆ 10 ಎಂದು ಇಟ್ಟರೆ ಅಕೇಶಿಯಾಕ್ಕೆ 6.2, ಮಿಶ್ರ ಕಾಡಿಗೆ 4.6. ಅಕೇಶಿಯಾ ಗೆದ್ದಿತು. ತೂಕವನ್ನು ನೀರಿಗೆ 40, ಸೊಪ್ಪು-ಸೌದೆಗೆ 25, ಪ್ರಾಣಿ ಕಾಟಕ್ಕೆ 25, ಆದಾಯಕ್ಕೆ 10 ಎಂದು ಬದಲಿಸಿದರೆ ಅಕೇಶಿಯಾ 3.95ಕ್ಕೆ ಇಳಿಯುತ್ತದೆ, ಮಿಶ್ರ ಕಾಡು 6.1ಕ್ಕೆ ಏರುತ್ತದೆ. ಗುಡ್ಡೆ ಅದೇ, ಮರ ಅದೇ, ಕೊಟ್ಟ ಅಂಕವೂ ಅದೇ. ಮೊದಲ ತೂಕಪಟ್ಟಿಯಿಂದ ಎರಡನೆಯದಕ್ಕೆ ಸಮನಾಗಿ ಸರಿಯುತ್ತ ಹೋದರೆ, ಆದಾಯದ ತೂಕ 33ರ ಹತ್ತಿರ ಬಂದಲ್ಲಿ ಎರಡೂ ದಾರಿ ಸಮಬಲವಾಗುತ್ತವೆ. ಸಭೆಯಲ್ಲಿ ಚರ್ಚೆಗೆ ಬರಬೇಕಾದದ್ದು ಈ 33. “ಮರದ ಹಣ ನೂರರಲ್ಲಿ ಮೂವತ್ತಮೂರಕ್ಕಿಂತ ಹೆಚ್ಚು ಮುಖ್ಯವೋ, ಕಡಿಮೆಯೋ?” ಎಂದು ಕೇಳಿ ನೋಡಿ, ಸಭಾಂಗಣದಲ್ಲಿ ತೂಕಡಿಸುವವರು ಯಾರೂ ಇರುವುದಿಲ್ಲ. ಬಣ್ಣದ ನಕ್ಷೆ ಈ ಪ್ರಶ್ನೆಯನ್ನು ಅಡಗಿಸಿಬಿಡುತ್ತದೆ.

ಇಂಥ ತೂಕದ ಲೆಕ್ಕದಲ್ಲಿ ಇನ್ನೂ ಎರಡು ಪೊಳ್ಳುಗಳಿವೆ. ತಜ್ಞರಿಗೆ ಗೊತ್ತಿರುವಂಥವೇ, ಆದರೆ ಸಭೆಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ.

ಒಂದು, ಗುಣಿಸಿ ಕೂಡಿಸುವ ಲೆಕ್ಕದಲ್ಲಿ ಒಂದರ ನಷ್ಟವನ್ನು ಇನ್ನೊಂದರ ಲಾಭ ಮುಚ್ಚಿಬಿಡುತ್ತದೆ. ಸುರಂಗ ಬತ್ತಿ ನೀರಿನ ಅಂಕ ಸೊನ್ನೆಯಾದರೂ ಮರದ ದುಡ್ಡು ಜೋರಿದ್ದರೆ ಒಟ್ಟು ಅಂಕ ಚೆನ್ನಾಗಿಯೇ ಕಾಣುತ್ತದೆ. ಮನೆಯವರಿಗೆ ಕುಡಿಯಲು ನೀರಿಲ್ಲದಾಗ ಡಿಪೋದಲ್ಲಿ ನಾಟಾ ಒಳ್ಳೆಯ ದರಕ್ಕೆ ಹೋಯಿತೆಂಬ ಸಮಾಧಾನ ಯಾವ ಕೊಡ ತುಂಬಿಸುತ್ತದೆ? ಆದ್ದರಿಂದ ತೂಕ ಹಾಕುವ ಮೊದಲೇ ಜರಡಿ ಹಿಡಿಯಬೇಕು: ಸುರಂಗಕ್ಕೆ ನೀರು ಇಂಗುವ ಜಾಗದಲ್ಲಿ ಬೋಳು ಕಡಿತ ಇಲ್ಲ, ನಾಗಬನಕ್ಕೆ ಕೈ ಹಚ್ಚುವಂತಿಲ್ಲ, ತೋಡಿನ (ಹಳ್ಳದ) ಎರಡೂ ಬದಿ ಇಷ್ಟು ಅಗಲ ಬಿಡಬೇಕು. ಈ ಜರಡಿಯಲ್ಲಿ ನಿಂತ ದಾರಿಗಳು ಮಾತ್ರ ತಕ್ಕಡಿಗೆ ಬರಲಿ.

ಇನ್ನೊಂದು, ಸರಾಸರಿ. ಸಭೆಯಲ್ಲಿ ಮೂವತ್ತು ಮಂದಿ ನೀರಿಗೆ 60, ಉಳಿದ ಮೂವತ್ತು ಮಂದಿ 10 ಕೊಟ್ಟರೆ ಸರಾಸರಿ 35. ಆ ಅರುವತ್ತರಲ್ಲಿ ಒಬ್ಬರೂ 35 ಎಂದು ಹೇಳಿದವರಲ್ಲ. ಬೈಲಿನ ಕೆಳಗಿನವರದ್ದೊಂದು ಪಟ್ಟಿ, ಮೇಲಿನವರದ್ದೊಂದು, ಕೊರಗ ಕಾಲನಿಯವರದ್ದೊಂದು ಎಂದು ಬೇರೆಬೇರೆಯಾಗಿ ಇಟ್ಟರೆ ಜಗಳ ಎಲ್ಲಿದೆಯೆಂದು ಕಾಣುತ್ತದೆ. ಎಲ್ಲ ಕಲಸಿದರೆ ಸಂಖ್ಯೆಯಲ್ಲಿ ಕಡಿಮೆಯಿರುವವರು ಕರಗಿಯೇ ಹೋಗುತ್ತಾರೆ. ಬುಟ್ಟಿ ಹೆಣೆಯಲು ಕಾಡಿನ ಬಳ್ಳಿಯನ್ನೇ ನಂಬಿದ ಮೂರು ಮನೆಯ ಅಗತ್ಯ, ನೂರು ಮನೆಯ ಸರಾಸರಿಯಲ್ಲಿ ಶೇಕಡಾ ಮೂರು.

ತೂಕ ಕಂಡುಹಿಡಿಯಲು ಪರಿಣತರು ಬಹಳವಾಗಿ ಬಳಸುವ ಕ್ರಮ ಜೋಡಿ ಹೋಲಿಕೆಯದ್ದು, 1970ರ ದಶಕದಲ್ಲಿ ಥಾಮಸ್ ಸಾಟಿ ರೂಪಿಸಿದ್ದು. ಎರಡೆರಡೇ ವಿಷಯ ಹಿಡಿದು, ಯಾವುದು ಎಷ್ಟು ಪಾಲು ಮುಖ್ಯವೆಂದು 1ರಿಂದ 9ರವರೆಗೆ ಹೇಳಬೇಕು. ವಿಷಯ ಐದಿದ್ದರೆ ಹತ್ತು ಪ್ರಶ್ನೆ, ಎಂಟಿದ್ದರೆ ಇಪ್ಪತ್ತೆಂಟು. ಇಪ್ಪತ್ತನೆಯ ಪ್ರಶ್ನೆಯ ಹೊತ್ತಿಗೆ ಯಾರಾದರೂ ಬಾಯಿಗೆ ಬಂದದ್ದು ಹೇಳುತ್ತಾರೆ. ನೀರು ಸೊಪ್ಪಿಗಿಂತ ಮುಖ್ಯ, ಸೊಪ್ಪು ಹಣಕ್ಕಿಂತ ಮುಖ್ಯ, ಹಣ ನೀರಿಗಿಂತ ಮುಖ್ಯ ಎಂದು ಸುತ್ತು ಬರುತ್ತದೆ. ಇಂಥ ವಿರೋಧ ಅಳೆಯಲು ಒಂದು ಅನುಪಾತವಿದೆ, ಅದು 0.1 ದಾಟಿದರೆ ಉತ್ತರಗಳನ್ನು ಮತ್ತೆ ಕೇಳಬೇಕೆಂಬುದು ರೂಢಿ. ಮತ್ತೆ ಕೇಳುವಷ್ಟು ಪುರುಸೊತ್ತು ಯಾವ ಸಭೆಗಿದೆ?

ನಮ್ಮ ಕಡೆಗೆ ಇದಕ್ಕಿಂತ ಸಲೀಸಾದ ದಾರಿ ಇದೆ. ಒಬ್ಬೊಬ್ಬರ ಕೈಗೆ ಇಪ್ಪತ್ತು ಚಾಲಿ ಅಡಿಕೆ ಕೊಡಿ. ನೆಲದಲ್ಲಿ ಐದು ಬಾಳೆಲೆ ಹಾಸಿ, ಒಂದೊಂದರ ತುದಿಗೆ ಒಂದು ಗುರುತಿಡಿ: ನೀರಿಗೆ ಚೆಂಬು, ಸೊಪ್ಪಿಗೆ ಒಂದು ಹಿಡಿ ತರಗೆಲೆ, ಪ್ರಾಣಿ ಕಾಟಕ್ಕೆ ಕಚ್ಚಿ ಬಿಟ್ಟ ತೆಂಗಿನಕಾಯಿ, ಆದಾಯಕ್ಕೆ ನೋಟು, ಬನ-ಕಟ್ಟೆಗಳಿಗೆ ಒಂದು ತುಂಡು ಹಿಂಗಾರ. ಯಾವುದಕ್ಕೆ ಎಷ್ಟು ಬೇಕೋ ಅಷ್ಟು ಅಡಿಕೆ ಇಡಲಿ. ಒಂದು ಅಡಿಕೆಗೆ ಐದು ಅಂಕ, ಇಪ್ಪತ್ತಕ್ಕೆ ನೂರು. ಓದು ಬಾರದವರೂ ಇಡಬಲ್ಲರು, ಮನಸ್ಸು ಬದಲಾದರೆ ತೆಗೆದು ಬೇರೆ ಎಲೆಗೆ ಹಾಕಬಲ್ಲರು. ಒಬ್ಬರು ಇಟ್ಟು, ಎಣಿಸಿ ಬರೆದು, ಎಲೆ ಖಾಲಿ ಮಾಡಿದ ಮೇಲೆಯೇ ಮುಂದಿನವರು ಬರಬೇಕು. ಇಲ್ಲವಾದರೆ ದೊಡ್ಡ ರಾಶಿ ಕಂಡಲ್ಲಿಗೇ ಎಲ್ಲರ ಅಡಿಕೆ ಹೋಗುತ್ತದೆ. ಪಟೇಲರ ಮನೆಯವರು, ಸಮಿತಿಯ ಅಧ್ಯಕ್ಷರು ಕೊನೆಗೆ ಇಡಲಿ. ಹೆಂಗಸರ ಎಣಿಕೆ ಬೇರೆ ಹಾಳೆಯಲ್ಲಿರಲಿ. ಇಷ್ಟಾದ ಮೇಲೆ ಆ ಅಂಕಿಗಳನ್ನು ಅಲ್ಲೇ, ಎಲ್ಲರೂ ನೋಡುತ್ತಿರುವಾಗಲೇ ಲ್ಯಾಪ್‌ಟಾಪಿಗೆ ತುಂಬಿ ನಕ್ಷೆಯ ಬಣ್ಣ ಬದಲಾಗುವುದನ್ನು ತೋರಿಸಿ. ಅದು ನಿಜವಾದ ಸಹಾಯಕ ಸಾಧನ.

ಇನ್ನು ನಕ್ಷೆಯ ಒಳಗಿನ ಪದರಗಳ, ಅಂದರೆ ಕಾಡು, ನೀರು, ಬೇಲಿ ಎಂದು ಒಂದೊಂದು ವಿಷಯಕ್ಕೊಂದರಂತೆ ತಂತ್ರಾಂಶಕ್ಕೆ ತುಂಬುವ ಮಾಹಿತಿಯ ಮಾತು. ಎಷ್ಟೇ ನ್ಯಾಯವಾಗಿ ತೂಕ ಹಾಕಿದರೂ ತಕ್ಕಡಿಗೆ ಬಿದ್ದ ಸಾಮಾನೇ ತಪ್ಪಾಗಿದ್ದರೆ ಏನು ಪ್ರಯೋಜನ?

ದೇಶದ ಅರಣ್ಯ ಸಮೀಕ್ಷೆಯ ವ್ಯಾಖ್ಯೆಯಲ್ಲಿ, ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದೆ, ನೂರರಲ್ಲಿ ಹತ್ತು ಪಾಲಿಗಿಂತ ಹೆಚ್ಚು ನೆಲವನ್ನು ಮರದ ಕೊಡೆ ಮುಚ್ಚಿದ್ದರೆ ಅದು ‘ಅರಣ್ಯ ಹೊದಿಕೆ’. ಯಾರ ಜಾಗ, ಯಾವ ಮರ ಎಂದು ಕೇಳುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಆ ಹಸಿರಿನೊಳಗೆ ರಬ್ಬರೂ ಗೇರೂ ಅಡಿಕೆಯೂ ಸೇರಿಕೊಂಡಿವೆ. ಆ ಪದರವನ್ನು ಹಾಗೇ ಎತ್ತಿ ಯೋಜನೆಯ ತಂತ್ರಾಂಶಕ್ಕೆ ಹಾಕಿದರೆ, ರಬ್ಬರ್ ಗುಡ್ಡೆ ಆನೆಗೆ ಒಳ್ಳೆಯ ಆವಾಸವೆಂದು ಬರುತ್ತದೆ.

ಅದರ ಎದುರು ಪದವುಗಳ ಗತಿ ನೋಡಿ. ಕೆಂಪುಕಲ್ಲಿನ ಬಯಲು ಬೇಸಗೆಯ ಉಪಗ್ರಹ ಚಿತ್ರದಲ್ಲಿ ಬೋಳಾಗಿ ಕಾಣುತ್ತದೆ, ‘ಪಾಳುಭೂಮಿ’ ಎಂಬ ಹಣೆಪಟ್ಟಿ ಬೀಳುತ್ತದೆ. ಮಳೆಗಾಲದಲ್ಲಿ ಅಲ್ಲಿ ಹುಲ್ಲು, ಕೀಟಭಕ್ಷಕ ಗಿಡಗಳು, ಸಣ್ಣ ಪಳ್ಳಗಳು ತುಂಬಿರುತ್ತವೆ. ಬುಡದ ಸುರಂಗಕ್ಕೂ ಮದಕವೆಂಬ ಕೆರೆಗೂ ನೀರು ಇಂಗುವುದು ಅದೇ ಕಲ್ಲಿನ ಮೂಲಕ. ಆದರೆ ಜೂನಿನಿಂದ ಸೆಪ್ಟೆಂಬರಿನವರೆಗೆ ಆಕಾಶವೆಲ್ಲ ಮೋಡ, ಉಪಗ್ರಹದ ಕ್ಯಾಮರಾಕ್ಕೆ ನೆಲ ಕಾಣಿಸುವುದೇ ಅಪರೂಪ. ಪುಕ್ಕಟೆ ಸಿಗುವ ಸೆಂಟಿನೆಲ್-2 ಚಿತ್ರದ ಒಂದು ಚುಕ್ಕಿ ನೆಲದಲ್ಲಿ 10 ಮೀಟರ್ ಅಗಲ, ಲ್ಯಾಂಡ್‌ಸ್ಯಾಟಿನದ್ದು 30 ಮೀಟರ್. ಮನುಷ್ಯ ಬಗ್ಗಿ ನುಗ್ಗುವಷ್ಟು ಬಾಯಿಯ ಸುರಂಗ ಅದರಲ್ಲಿ ಹೇಗೆ ಕಂಡೀತು? ತಂತ್ರಾಂಶದ ಮಟ್ಟಿಗೆ, ಪದರದಲ್ಲಿ ಇಲ್ಲದ್ದು ಭೂಮಿಯ ಮೇಲೂ ಇಲ್ಲ.

ಆನೆಯ ವಿಷಯದಲ್ಲೂ ಇದೇ ಕಥೆ. ಬೆಳೆಹಾನಿ ಪರಿಹಾರದ ಅರ್ಜಿಗಳನ್ನೇ ‘ಕಾಟದ ನಕ್ಷೆ’ಗೆ ಆಧಾರ ಮಾಡಿಕೊಂಡರೆ, ಕಾಗದಪತ್ರಕ್ಕೆ ಅಲೆದು ಸುಸ್ತಾಗಿ ಅರ್ಜಿ ಹಾಕುವುದನ್ನೇ ಬಿಟ್ಟ ಊರು ಸೊನ್ನೆಯಾಗಿ ಕಾಣುತ್ತದೆ. ಕಾರಡ್ಕ, ಮುಳಿಯಾರು, ದೇಲಂಪಾಡಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೇಲಾಗಿ ನಕ್ಷೆ ರಾಜ್ಯದ ಗಡಿಯಲ್ಲಿ ಕತ್ತರಿಸಿದ ಹಾಗೆ ನಿಲ್ಲುತ್ತದೆ. ಆಚೆ ಬರೀ ಬಿಳಿ. ಮಂಡೆಕೋಲಿನ ಕಾಡಿನಿಂದ ದೇಲಂಪಾಡಿಗೆ ಇಳಿಯುವ ಆನೆ ಆ ಬಿಳಿಯಿಂದಲೇ ಬರುವುದು. ಪಯಸ್ವಿನಿ ಹೊಳೆಯ ನೀರೂ ಅಲ್ಲಿಂದಲೇ. ಗಡಿಯಾಚೆಯ ಕನಿಷ್ಠ ಐದು ಕಿಲೋಮೀಟರಿನ ಕಾಡು, ತೋಡು, ಬೇಲಿ, ಕಂದಕಗಳ ಪದರವನ್ನು ಕರ್ನಾಟಕದವರಿಂದ ತರಿಸಿ ಜೋಡಿಸದೆ ಆನೆಗೆ ಬೇಲಿ ಎಲ್ಲಿ ಎಳೆಯಬೇಕೆಂದು ಯಾವ ತಂತ್ರಾಂಶವೂ ಹೇಳಲಾರದು. ಒಂದು ಊರಿಗೆ ತೂಗು ಸೌರಬೇಲಿ ಹಾಕಿದರೆ ಆನೆ ಪಕ್ಕದ ಊರಿಗೆ ತಿರುಗುವುದು ಸಹಜ. ಆ ಪಕ್ಕದ ಊರನ್ನೂ ಅದೇ ಸಭೆಗೆ ಕರೆಯಬೇಕು.

ಕುಮ್ಕಿ, ಕಾನೆ, ಬಾಣೆ ಎಂಬ ಹಳೆ ದಕ್ಷಿಣ ಕನ್ನಡ ಜಿಲ್ಲೆಯ ಪದಗಳಿಗೆ (ಕೃಷಿಕರು ಸೊಪ್ಪು-ಸೌದೆಗೆ ಬಳಸುತ್ತ ಬಂದ ಸರ್ಕಾರಿ ಜಾಗಗಳ ಹೆಸರು) ತಂತ್ರಾಂಶದಲ್ಲಿ ಕೋಷ್ಟಕವೇ ಇಲ್ಲ. 1956ರಲ್ಲಿ ರಾಜ್ಯ ಬದಲಾಯಿತು. ಸೊಪ್ಪು, ತರಗೆಲೆ ತರುವ ದಾರಿ ಬದಲಾಗಲಿಲ್ಲ. ಅರಣ್ಯ ಹಕ್ಕು ಕಾಯ್ದೆ, 2006ರ 4(5)ನೇ ಸೆಕ್ಷನಿನ ಪ್ರಕಾರ ಹಕ್ಕಿನ ಪರಿಶೀಲನೆ ಮುಗಿಯುವವರೆಗೆ ಕಾಡಿನಲ್ಲಿ ನೆಲೆಸಿದ ಬುಡಕಟ್ಟಿನವರನ್ನಾಗಲಿ ಇತರ ಪಾರಂಪರಿಕ ನಿವಾಸಿಗಳನ್ನಾಗಲಿ ಎಬ್ಬಿಸುವಂತಿಲ್ಲ. ಅಷ್ಟರಲ್ಲೇ ಆ ಜಾಗ ತಂತ್ರಾಂಶದ ‘ಅತಿಕ್ರಮಣ’ ಪದರಕ್ಕೆ ಸೇರಿಬಿಟ್ಟರೆ? ಒಂದು ಕ್ಲಿಕ್ಕಿನ ತಪ್ಪನ್ನು ಅಳಿಸಲು ಹತ್ತು ವರ್ಷ ಕಾಯಬೇಕಾಗುತ್ತದೆ. ಆದ್ದರಿಂದ ಅರ್ಜಿಯಲ್ಲಿರುವ ಜಾಗಗಳಿಗೆ ‘ಹಕ್ಕು ಇತ್ಯರ್ಥವಾಗಬೇಕಿದೆ’ ಎಂಬ ಪ್ರತ್ಯೇಕ ಬಣ್ಣವಿರಲಿ, ಆ ಬಣ್ಣದ ಮೇಲೆ ಯಾವ ಕಾಮಗಾರಿಯನ್ನೂ ಲೆಕ್ಕ ಹಾಕಬಾರದು.

ಇವೆಲ್ಲ ಸರಿಯಾಗಬೇಕಾದರೆ ಗೋಡೆಯ ಮೇಲಿನ ಬೆಳಕು ಸಾಲದು, ನೆಲಕ್ಕೆ ಹಾಸುವ ಕಾಗದ ಬೇಕು. 1:50,000ದ ನಕ್ಷೆಯಲ್ಲಿ ಒಂದು ಎಕ್ರೆ ತೋಟವೆಂದರೆ ಬದಿಗೆ ಒಂದೂಕಾಲು ಮಿಲಿಮೀಟರ್, ಸಾಸಿವೆ ಕಾಳಿನಷ್ಟು. 1:5,000ದಲ್ಲಿ ಅದೇ ಎಕ್ರೆ ಹೆಬ್ಬೆರಳಿನ ಉಗುರಿನಷ್ಟಾಗುತ್ತದೆ. ಒಂದು ಸೆಂಟಿಮೀಟರಿಗೆ 50 ಮೀಟರ್. ಎ-ಸೊನ್ನೆ ಅಳತೆಯ ಹಾಳೆಯಲ್ಲಿ ಸುಮಾರು 4.2 ಕಿಲೋಮೀಟರಿಗೆ 5.9 ಕಿಲೋಮೀಟರ್ ಹಿಡಿಯುತ್ತದೆ. ಒಂದು ಪಂಚಾಯತಿಗೆ ಕೆಲವೇ ಹಾಳೆ ಸಾಕು. ಮೇಲೆ ಟ್ರೇಸಿಂಗ್ ಹಾಳೆ ಹಾಸಿ, ಜನ ಬರೆಯುವುದು ಅದರ ಮೇಲಿರಲಿ. ಪ್ರತಿಯೊಂದು ಗುರುತಿಗೂ ನಂಬರು, ಹೇಳಿದವರ ಮನೆಯ ಕಡೆ, ತಾರೀಕು. ಮರುದಿನ ಅರಣ್ಯ ಇಲಾಖೆಯ ಬೀಟಿನ ಸಿಬ್ಬಂದಿ ಮತ್ತು ಊರಿನ ಇಬ್ಬರು ಸೇರಿ ಆ ಜಾಗಕ್ಕೆ ಹೋಗಿ ಮೊಬೈಲಿನಲ್ಲಿ ಸ್ಥಳ ಗುರುತಿಸಬೇಕು. ಮರದ ಅಡಿಯಲ್ಲಿ ಮೊಬೈಲಿನ ಜಿಪಿಎಸ್ ಹತ್ತು ಮೀಟರ್, ಕೆಲವೊಮ್ಮೆ ಅದಕ್ಕೂ ಹೆಚ್ಚು ಜಾರುತ್ತದೆ. ಒಂದೇ ಸಲ ಒತ್ತಿ ಬರಬಾರದು, ಒಂದೆರಡು ನಿಮಿಷ ನಿಂತು ಹಲವು ಓದುಗಳ ಸರಾಸರಿ ತೆಗೆಯಬೇಕು. ಹಳೆಯ ಟೊಪೊಶೀಟುಗಳ (ಸರ್ವೆ ನಕ್ಷೆಗಳ) ಎವರೆಸ್ಟ್ ಅಳತೆ, ಮೊಬೈಲಿನ ಡಬ್ಲ್ಯುಜಿಎಸ್-84 ಅಳತೆ ಎರಡೂ ಭೂಮಿಯ ಆಕಾರವನ್ನು ಬೇರೆಬೇರೆಯಾಗಿ ಲೆಕ್ಕ ಹಿಡಿಯುತ್ತವೆ; ಪರಿವರ್ತನೆ ಮಾಡದೆ ಒಂದರ ಮೇಲೊಂದು ಇಟ್ಟರೆ, ಗಡಿಕಲ್ಲು ಇನ್ನೊಬ್ಬರ ಅಂಗಳದಲ್ಲಿ ನಿಲ್ಲುತ್ತದೆ. ಇಂಥ ಜಗಳಗಳಲ್ಲಿ ಎಷ್ಟು ನೆಲದ್ದು, ಎಷ್ಟು ಕಂಪ್ಯೂಟರಿನದ್ದು ಎಂದು ಯಾರಾದರೂ ಒಮ್ಮೆ ಲೆಕ್ಕ ಮಾಡಬೇಕು.

ನಕ್ಷೆ ಓದಲು ಬಾರದವರಿಗೆ ಗುಡ್ಡೆಯನ್ನೇ ಮಾಡಿ ತೋರಿಸಬಹುದು. 20 ಮೀಟರ್ ಎತ್ತರಕ್ಕೊಂದರಂತೆ ಸಮೋನ್ನತ ರೇಖೆ ಕತ್ತರಿಸಿ, 1:5,000ದ ಅಳತೆಯಲ್ಲಿ 4 ಮಿಲಿಮೀಟರ್ ದಪ್ಪದ ರಟ್ಟು ಒಂದರ ಮೇಲೊಂದು ಅಂಟಿಸಿದರೆ ಸಾಕು. ಇನ್ನೂರು ಮೀಟರಿನ ಗುಡ್ಡೆಗೆ ಹತ್ತು ರಟ್ಟು. ಹೈಸ್ಕೂಲ್ ಮಕ್ಕಳು ಒಂದು ವಾರದಲ್ಲಿ ಮಾಡಿ ಮುಗಿಸುವ ಕೆಲಸ. ಗೆರೆ ಕಂಡು ಸುಮ್ಮನೆ ಕೂತ ಅಜ್ಜಿ, ರಟ್ಟಿನ ಗುಡ್ಡೆ ಕಂಡರೆ ಎದ್ದು ಬಂದು ತೋಡು ಎಲ್ಲಿ ಹುಟ್ಟುತ್ತದೆಂದು ಬೆರಳಿಟ್ಟು ತೋರಿಸುತ್ತಾರೆ.

ಭಾಷೆಯ ಮಾತನ್ನು ಇಷ್ಟು ಹೊತ್ತು ತಡೆದಿದ್ದೆವು. ಕೇರಳದ 1969ರ ರಾಜಭಾಷಾ ಕಾಯ್ದೆಯಲ್ಲೇ ಇದೆ: ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸೆಕ್ರೆಟರಿಯೇಟ್ ಮತ್ತು ಇಲಾಖಾ ಮುಖ್ಯಸ್ಥರೊಡನೆ, ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿಸಿದಲ್ಲಿ ಸ್ಥಳೀಯ ಕಚೇರಿಗಳೊಡನೆ ಕೂಡ, ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ಮಾಡಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. 2020ರಲ್ಲಿ ಪರಿಸರ ಪರಿಣಾಮ ಅಂದಾಜಿನ ಕರಡು ಅಧಿಸೂಚನೆಯನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಎಲ್ಲ 22 ಭಾಷೆಗಳಲ್ಲೂ ಪ್ರಕಟಿಸಬೇಕೆಂದು ದೆಹಲಿ ಹೈಕೋರ್ಟು ಆ ಜೂನ್ 30ರಂದು ಹೇಳಿತು. ಅರ್ಥವಾಗದ ಕರಡಿಗೆ ಆಕ್ಷೇಪ ಬರೆಯಲು ಕೇಳುವುದರಲ್ಲಿ ಹುರುಳಿಲ್ಲ ಎಂಬುದು ಕೋರ್ಟಿಗೂ ಒಪ್ಪಿಗೆಯಾದ ಮಾತು.

ಕನ್ನಡದಲ್ಲಿ ಮಾಡುವುದೆಂದರೆ ಕೊನೆಯ ಗಳಿಗೆಯಲ್ಲಿ ಯಂತ್ರಾನುವಾದ ಮಾಡಿ ಅಂಟಿಸುವುದಲ್ಲ. ಬಣ್ಣಸೂಚಿ, ಪ್ರಶ್ನಾವಳಿ, ತೂಕಪಟ್ಟಿ, ನಡಾವಳಿ ನಾಲ್ಕೂ ಕನ್ನಡದಲ್ಲಿರಬೇಕು. ಜಾಗದ ಹೆಸರಿಗೆ ಎರಡು ಕಾಲಂ ಇರಲಿ, ಮಲಯಾಳದ್ದೊಂದು, ಊರವರು ಕರೆಯುವ ಕನ್ನಡ ಅಥವಾ ತುಳು ಹೆಸರಿನದ್ದೊಂದು. ಇಲ್ಲವಾದರೆ ಒಂದೇ ಗುಡ್ಡೆ ಎರಡು ಹೆಸರಿನಲ್ಲಿ ಎರಡು ಸಲ ಸೇರುತ್ತದೆ, ಇಲ್ಲವೇ ಒಮ್ಮೆಯೂ ಸೇರುವುದಿಲ್ಲ. ಅಕ್ಷರ ಯೂನಿಕೋಡಿನಲ್ಲೇ ಇರಲಿ. ಹಳೆಯ ಫಾಂಟಿನಲ್ಲಿ ಟೈಪಿಸಿದ ಹೆಸರು ಬೇರೆ ಕಂಪ್ಯೂಟರಿನಲ್ಲಿ ತೆರೆದಾಗ ಕಾಗೆ ಕಾಲು ಗುಬ್ಬಿ ಕಾಲಾಗುತ್ತದೆ. ಕ್ಯೂಜಿಐಎಸ್ ಎಂಬ ಪುಕ್ಕಟೆ ತಂತ್ರಾಂಶದಲ್ಲಿ ಇದೆಲ್ಲ ಆಗುತ್ತದೆ, ಪರವಾನಗಿಗೆ ಒಂದು ಕಾಸು ಖರ್ಚಿಲ್ಲ.

ಜನರನ್ನು ಬಿಟ್ಟು ಲೆಕ್ಕ ಹಾಕಿದರೆ ಏನಾಗುತ್ತದೆಂಬುದಕ್ಕೆ ದೂರದ್ದೂ ಹತ್ತಿರದ್ದೂ ಉದಾಹರಣೆಗಳಿವೆ. ಅಮೆರಿಕದ ಅರಣ್ಯ ಸೇವೆ 1976ರ ರಾಷ್ಟ್ರೀಯ ಅರಣ್ಯ ನಿರ್ವಹಣಾ ಕಾಯ್ದೆಯಡಿ ಯೋಜನೆ ಬರೆಯಲು ಫೋರ್‌ಪ್ಲಾನ್ ಎಂಬ ದೊಡ್ಡ ಗಣಿತ ಮಾದರಿಯನ್ನು ನೆಚ್ಚಿಕೊಂಡಿತು. ಒಳಗೆ ಏನು ನಡೆಯುತ್ತದೆಂದು ಹೊರಗಿನವರಿಗೆ ಇರಲಿ, ಎಷ್ಟೋ ಮಂದಿ ಒಳಗಿನವರಿಗೇ ತಿಳಿಯದಷ್ಟು ಅದು ಜಟಿಲವಾಯಿತು. ಟೀಕೆಗಳ ನಡುವೆ 1990ರ ದಶಕದಲ್ಲಿ ಬದಿಗೆ ಸರಿಯಿತು. ಫಿನ್ಲೆಂಡಿನ ಸರ್ಕಾರಿ ಅರಣ್ಯ ಸಂಸ್ಥೆ ಅದೇ ದಶಕದಲ್ಲಿ ಕೈನೂ ಪ್ರಾಂತ್ಯದಿಂದ ಶುರುಮಾಡಿ ಬೇರೆ ದಾರಿ ಹಿಡಿಯಿತು: ಹಲವು ಪರ್ಯಾಯ ಯೋಜನೆಗಳನ್ನು ಮುಂದಿಟ್ಟು, ಬೇರೆಬೇರೆ ಗುಂಪುಗಳ ಆದ್ಯತೆಯ ಪ್ರಕಾರ ಯಾವುದು ಮೇಲೆ ಬರುತ್ತದೆಂದು ಅವರೆದುರೇ ತೂಗಿ ನೋಡುವುದು.

ಕೇರಳದಲ್ಲೇ 2022ರ ಡಿಸೆಂಬರಿನಲ್ಲಿ ಬಫರ್ ಝೋನಿನ, ಅಂದರೆ ಅಭಯಾರಣ್ಯಗಳ ಸುತ್ತಲಿನ ನಿರ್ಬಂಧಿತ ವಲಯದ, ಗಲಾಟೆ ಆಯಿತಲ್ಲ. ಅದು ಉಪಗ್ರಹ ಚಿತ್ರ ನಂಬಿ ಮಾಡಿದ ವರದಿಯಿಂದ ಎದ್ದದ್ದು. ಮನೆ, ಅಂಗಡಿಗಳು ಬಿಟ್ಟುಹೋಗಿವೆಯೆಂದು ಮಲೆನಾಡಿನ ಊರುಗಳು ಬೀದಿಗಿಳಿದವು. ಆಮೇಲೆ ಪಂಚಾಯತುಗಳಲ್ಲಿ ಸಹಾಯ ಕೇಂದ್ರ, ಸ್ಥಳ ಪರಿಶೀಲನೆ. ಮೊದಲು ಮಾಡಬೇಕಾದದ್ದನ್ನು ಕೊನೆಗೆ ಮಾಡಿದರು. ನಮ್ಮ ಜಿಲ್ಲೆಯಲ್ಲಿ ಅಭಯಾರಣ್ಯವಿಲ್ಲದ್ದರಿಂದ ಬಿಸಿ ಅಷ್ಟಾಗಿ ತಟ್ಟಲಿಲ್ಲ, ಪಾಠ ಮಾತ್ರ ನಮಗೂ ಸಲ್ಲುತ್ತದೆ. ನಮಗೆ ತಟ್ಟಿದ ಬಿಸಿ ಬೇರೆ. ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸುವಾಗ, ಆ ಗುಡ್ಡೆಯ ಬುಡದ ತೋಡು, ತೆರೆದ ಬಾವಿ, ಸುರಂಗಗಳ ಪದರ ಯಾರ ನಕ್ಷೆಯಲ್ಲೂ ಇರಲಿಲ್ಲ. ಆ ವಿಷದ ಪೆಟ್ಟು ತಿಂದ ಎಣ್ಮಕಜೆ ಪಂಚಾಯತಿನವರನ್ನು ಕೇಳಿದ್ದರೆ ಒಂದು ಮಧ್ಯಾಹ್ನದಲ್ಲಿ ಬರೆದು ಕೊಡುತ್ತಿದ್ದರು.

ಒಳ್ಳೆಯದೂ ಇದೆ, ಪಕ್ಕದಲ್ಲೇ. ಕಣ್ಣೂರಿನ ಕಲ್ಯಾಶ್ಶೇರಿಯಲ್ಲಿ 1990ರ ದಶಕದ ಮೊದಲಲ್ಲೇ ಊರವರು ತಜ್ಞರ ಜೊತೆ ಸೇರಿ ಪಂಚಾಯತಿನ ಸಂಪನ್ಮೂಲ ನಕ್ಷೆ ಬರೆದಿದ್ದರು. ಊರಿನ ಯೋಜನೆಯನ್ನು ಊರವರೇ ಮಾಡುವ ಕೇರಳದ 1996ರ ಜನಕೀಯ ಯೋಜನೆಗೆ ಅಂಥ ಅನುಭವಗಳೇ ಬುನಾದಿ. ಕಂಪ್ಯೂಟರ್ ಅಪರೂಪವಾಗಿದ್ದ ಕಾಲದಲ್ಲಿ ಆದದ್ದು ಈಗ ಯಾಕೆ ಆಗಬಾರದು?

ಎಲ್ಲವನ್ನೂ ಬಿಚ್ಚಿಡಿ ಎಂಬ ಹಟವೂ ನಮಗಿಲ್ಲ. ಜೇನಿನ ಮರ, ಔಷಧಿ ಬೇರಿನ ಜಾಗ, ನಾಗಬನದ ಒಳಗಿನ ವಿವರ, ಪಯಸ್ವಿನಿ-ಚಂದ್ರಗಿರಿಯ ದಡದಲ್ಲಿ ಕ್ಯಾಂಟರ್‌ನ ದೈತ್ಯ ಮೃದುಚಿಪ್ಪಿನ ಆಮೆ ಮೊಟ್ಟೆಯಿಡುವ ಮರಳು, ಇವು ಬಹಿರಂಗ ನಕ್ಷೆಯಲ್ಲಿ ಚುಕ್ಕಿಯಾಗಿ ಬಂದರೆ ಮರುವಾರ ಕಳ್ಳರೇ ಮೊದಲು ಬರುತ್ತಾರೆ. ಅಂಥವನ್ನು ಒಂದೊಂದು ಕಿಲೋಮೀಟರಿನ ಚೌಕದಲ್ಲಿ ‘ಇದೆ’ ಎಂದಷ್ಟೇ ತೋರಿಸಿ. ನಿಖರ ಜಾಗ ಊರುಕೂಟದ (ಬುಡಕಟ್ಟು ಕಾಲನಿಯವರ ಸಭೆಯ) ಮತ್ತು ಪಂಚಾಯತಿನ ಜೀವವೈವಿಧ್ಯ ಸಮಿತಿಯ ಕೈಯಲ್ಲಿರಲಿ, ಅವರ ಒಪ್ಪಿಗೆಯಿಲ್ಲದೆ ಮೇಲಕ್ಕೆ ಹೋಗದಿರಲಿ.

ಇಷ್ಟರ ಮೇಲೆ ನಮ್ಮ ಕೋರಿಕೆ. ಮುಂದಿನ ಕಾರ್ಯಯೋಜನೆಯ ಕರಡಿಗೆ ಮೊದಲು, ಯಾವ ಪದರಗಳನ್ನು ಬಳಸುತ್ತೀರಿ, ಅವು ಯಾವ ವರ್ಷದವು, ಯಾವ ಅಳತೆಯವು ಎಂಬ ಪಟ್ಟಿಯನ್ನು ಪಂಚಾಯತಿನ ನೋಟೀಸ್ ಬೋರ್ಡಿನಲ್ಲಿ ಕನ್ನಡ, ಮಲಯಾಳ ಎರಡರಲ್ಲೂ ಹಾಕಿ. ನಕ್ಷೆ ತಿದ್ದಲು ಒಂದು ಸುತ್ತು, ತೂಕ ಹಾಕಲು ಇನ್ನೊಂದು ಸುತ್ತು, ಎರಡರ ನಡುವೆ ಕನಿಷ್ಠ ಒಂದು ತಿಂಗಳು. ಕೊರಗ, ಮಾವಿಲ, ಮಲವೆಟ್ಟುವ ಊರುಕೂಟಗಳಿಗೆ ಪ್ರತ್ಯೇಕ ಸಭೆ, ಅವರ ಕಾಲನಿಯಲ್ಲೇ. ಅರಣ್ಯ ಹಕ್ಕಿನ ಗ್ರಾಮಸಭೆಗೆ ನಿಯಮದಲ್ಲಿರುವ ಕೋರಂ ಅರ್ಧಕ್ಕರ್ಧ ಸದಸ್ಯರು, ಹಾಜರಾದವರಲ್ಲಿ ಮೂರನೇ ಒಂದು ಪಾಲು ಹೆಂಗಸರು. ಈ ಸಭೆಗಳಿಗೂ ಅದೇ ಇರಲಿ. ಬಂದ ಪ್ರತಿಯೊಂದು ಸಲಹೆಗೂ ನಂಬರು ಕೊಟ್ಟು, ಒಪ್ಪಿದಿರೋ ಇಲ್ಲವೋ, ಯಾಕೆ ಎಂದು ಎರಡು ಸಾಲು ಬರೆದು ಪ್ರಕಟಿಸಿ. ನಮ್ಮ ತೂಕಪಟ್ಟಿಗಿಂತ ಬೇರೆ ಪಟ್ಟಿಯನ್ನು ನೀವು ಆಯ್ದುಕೊಂಡರೆ, ಆಯ್ದುಕೊಳ್ಳುವ ಅಧಿಕಾರ ನಿಮಗಿದೆ, ಎರಡೂ ಪಟ್ಟಿ ಯೋಜನೆಯಲ್ಲಿ ಪಕ್ಕಪಕ್ಕ ಅಚ್ಚಾಗಲಿ. ಕೆಳಗೆ ಸಹಿ ಹಾಕಿದ ಅಧಿಕಾರಿಯ ಹುದ್ದೆ ಕಾಣಲಿ.

ಸಭೆಯ ದಿನದ ಬಗ್ಗೆ ಒಂದು ಮಾತು. ಮಳೆಗಾಲದಲ್ಲಿ ಬಿಸಿಲು ಬಂದ ದಿನ ಇಟ್ಟರೆ ಅಡಿಕೆಗೆ ಮದ್ದು ಬಿಡುವವರು ಬರುವುದಿಲ್ಲ; ಬೀಡಿ ಲೆಕ್ಕ ಕೊಡುವ ದಿನ ಇಟ್ಟರೆ ಹೆಂಗಸರು ಬರುವುದಿಲ್ಲ; ಆನೆ ತಿರುಗುವ ಕಡೆ ಸಂಜೆ ಐದರ ಮೇಲೆ ಯಾರೂ ಬರುವುದಿಲ್ಲ. ಮಳೆ ಬಿಟ್ಟ ಮೇಲೆ, ಅಡಿಕೆ ಕೊಯ್ಲು ಬಿರುಸಾಗುವ ಮೊದಲು, ಅಕ್ಟೋಬರಿನ ಒಂದು ಭಾನುವಾರ ಬೆಳಗ್ಗೆ ಹತ್ತಕ್ಕೆ ಇಡಿ. ನಕ್ಷೆಯ ಹಾಳೆ ಮತ್ತು ಲ್ಯಾಪ್‌ಟಾಪ್ ನೀವು ತನ್ನಿ. ಬಾಳೆಲೆ ಮತ್ತು ತಲೆಗೆ ಇಪ್ಪತ್ತರಂತೆ ಅಡಿಕೆ ನಾವು ತರುತ್ತೇವೆ.

ಇತಿ,
ಕಾಸರಗೋಡಿನ ಕಾಡಂಚಿನ ಕನ್ನಡಿಗರು